ಮುದ್ರೆಯ ಹಿಂದಿನ ಕೈ

ಚನ್ನರಾಯಪಟ್ಟಣದ ಸೀಮೆಯೊಳಗೆ ಎರಡು ಬಗೆಯ ಸಾಕ್ಷ್ಯಗಳು ಕಲ್ಲಿನಲ್ಲಿ ನಿಂತಿವೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನ ಪಾದಗಳ ಬಳಿ ಕೆತ್ತಿರುವ ಬರಹಗಳು, ಆ ಮಹಾಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂದು ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿ ಸಾರುತ್ತಿವೆ. ಉಳಿ ಹಿಡಿದ ಕೈ ಯಾರದೆಂಬುದನ್ನು ಅವು ಹೇಳುವುದಿಲ್ಲ. ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಾದರೋ, ಗೋಡೆಯ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳು ಕಾಣಬರುತ್ತವೆ. ಮೊದಲನೆಯ ಕಡೆ ಮಾಡಿಸಿದವನ ಹೆಸರು ಉಳಿಯಿತು. ಎರಡನೆಯ ಕಡೆ ಮಾಡಿದವನ ಹೆಸರೂ ಉಳಿಯಿತು. ಕನ್ನಡದಲ್ಲಿ ಈ ಎರಡು ಕ್ರಿಯೆಗಳ ನಡುವೆ ಇರುವ ಅಂತರ ಒಂದೇ ಒಂದು ಅಕ್ಷರ. ಆದರೆ ಕಚೇರಿಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಆ ಒಂದು ಅಕ್ಷರದ ಮೇಲೆ ಒಬ್ಬನ ಮಾನ, ಇನ್ನೊಬ್ಬನ ಹೊಲ, ಮತ್ತೊಬ್ಬನ ಅನ್ನ ನಿಂತಿರುವುದುಂಟು.

ಅಧಿಕಾರವೆಂಬುದು ಯಾವಾಗಲೂ ಒಂದು ಸಾಮಾನ್ಯ ನಾಮದ ಮರೆಯಲ್ಲಿ ಕೆಲಸಮಾಡುತ್ತದೆ. ಹಿಂದೆ ಆ ನಾಮ ಅರಸನದಾಗಿದ್ದಿತು, ಆಮೇಲೆ ಸರ್ಕಾರದ್ದಾಯಿತು. ‘ಸರ್ಕಾರ ಹೀಗೆ ಮಾಡಿದೆ’ ಎಂದು ಹಳ್ಳಿಯವನು ಹೇಳುವಾಗ, ಸರ್ಕಾರಕ್ಕೆ ಕೈಯಿಲ್ಲವೆಂಬುದನ್ನೂ, ಯಾವನೋ ಒಬ್ಬ ಮನುಷ್ಯನು ಒಂದು ಗೊತ್ತಾದ ದಿನ, ಒಂದು ಗೊತ್ತಾದ ಮೇಜಿನ ಮುಂದೆ ಕುಳಿತು ಅದನ್ನು ಮಾಡಿದನೆಂಬುದನ್ನೂ ಅವನು ಮರೆತಿರುವುದಿಲ್ಲ. ಆ ಮನುಷ್ಯನು ಯಾರು ಎಂದು ಕೇಳುವುದಕ್ಕೆ ಅವನಿಗೆ ದಾರಿ ತೋರದು, ಅಷ್ಟೆ. ಮುದ್ರೆ ಕಾಣುತ್ತದೆ, ಮುದ್ರೆಯೊತ್ತಿದ ಕೈ ಕಾಣುವುದಿಲ್ಲ.

ಶಾನುಭೋಗರ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೊಡಕಿನದಾಗಿರಲಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಸೀಮೆಯ ಹಳ್ಳಿಯಾದರೂ ಸರಿ, ಲೆಕ್ಕದ ಪುಸ್ತಕ ಒಂದು, ಅದನ್ನು ಬರೆಯುವ ಕೈ ಒಂದು. ಅಕ್ಷರದ ಓರೆ, ತಲೆಕಟ್ಟಿನ ಗೀಟು, ಶಾಯಿಯ ಬಣ್ಣ ಇವುಗಳೇ ಬರೆದವನ ಗುರುತನ್ನು ಹೇಳುತ್ತಿದ್ದುವು. ಒಂದು ಅಂಕಿಯನ್ನು ಕೆರೆದು ತಿದ್ದಿದ್ದರೆ ಕಾಗದವೇ ಚಾಡಿ ಹೇಳುತ್ತಿದ್ದಿತು. ಆದರೆ ಆ ಪದ್ಧತಿಯಲ್ಲಿ ಬೇರೊಂದು ದೋಷವಿದ್ದಿತು. ಬರೆಯುವವನೂ ಕಾಯುವವನೂ ಒಬ್ಬನೇ ಆದುದರಿಂದ, ಅವನು ಧರ್ಮಿಷ್ಠನಾಗಿದ್ದರೆ ಊರು ಬದುಕುತ್ತಿದ್ದಿತು; ಅಲ್ಲದಿದ್ದರೆ ಊರಿನವರು ಅವನ ಜಗಲಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತಿದ್ದಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಮುಗಿಯಿತು. ಸಂಬಳದ ಗ್ರಾಮಲೆಕ್ಕಿಗನು ಬಂದನು. ಇಂದು ಅವನಿಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. ಕೈ ಬದಲಾಯಿತೇ ಹೊರತು ಪುಸ್ತಕದ ಮೇಲೆ ಕೈಬರಹ ಮಾತ್ರ ಇನ್ನೂ ನಾಲ್ವತ್ತು ವರ್ಷಗಳ ಕಾಲ ನಿಂತಿತು.

ಆ ಕೈಬರಹವನ್ನು ಕೊನೆಗಾಣಿಸಿದುದು ‘ಭೂಮಿ’ ಯೋಜನೆ. 2000 ಮತ್ತು 2002ರ ನಡುವೆ ಕರ್ನಾಟಕದ ಕಂದಾಯ ಇಲಾಖೆಯು ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ ಕಿಟಕಿಯ ಬಳಿ ನಿಂತವನಿಗೆ ಆಗಿನ 15 ರೂಪಾಯಿ ಶುಲ್ಕಕ್ಕೆ ಪ್ರತಿ ಕೊಡುವಂತೆ ಏರ್ಪಡಿಸಿತು. ಕೈಯಲ್ಲಿ ಬರೆದ ಪಹಣಿಗೆ ಮಾನ್ಯತೆ ತಪ್ಪಿತು. ಇದರಿಂದಾದ ಉಪಕಾರವನ್ನು ಹಳ್ಳಿಗರು ಬಲ್ಲರು. ಆದರೆ ಯಂತ್ರದ ಅಕ್ಷರಕ್ಕೆ ಓರೆಯಿಲ್ಲ, ಶಾಯಿಗೆ ಬಣ್ಣಭೇದವಿಲ್ಲ. ತಿದ್ದಿದ ಅಂಕಿಯೂ ತಿದ್ದದ ಅಂಕಿಯೂ ಹಾಳೆಯ ಮೇಲೆ ಒಂದೇ ಸಮನಾಗಿ ಹೊಳೆಯುತ್ತವೆ. ಕಾಗದವು ಹೇಳುತ್ತಿದ್ದ ಚಾಡಿಯನ್ನು ಇನ್ನು ಬೇರೆ ಯಾರಾದರೂ ಹೇಳಬೇಕಾಯಿತು. ಯೋಜನೆಯನ್ನು ರೂಪಿಸಿದವರು ಇದನ್ನು ಮರೆಯಲಿಲ್ಲ. ದಾಖಲೆಯನ್ನು ಬದಲಿಸುವ ಅಧಿಕಾರವುಳ್ಳ ನೌಕರನು ಪಾಸ್‌ವರ್ಡಿನಿಂದ ಮಾತ್ರವೇ ಅಲ್ಲದೆ ತನ್ನ ಬೆರಳಿನ ಗುರುತನ್ನು ಒತ್ತಿ ಒಳಗೆ ಹೋಗಬೇಕೆಂದು ಅವರು ಕಟ್ಟುಮಾಡಿದರು. ‘ಇದನ್ನು ನಾನು ಮಾಡಲಿಲ್ಲ’ ಎಂದು ಮುಂದೆ ಅವನು ಹೇಳಲಾರದಂತಿರಬೇಕೆಂಬುದೇ ಅದರ ಉದ್ದೇಶ. ಹೆಬ್ಬೆಟ್ಟು ಎಂದರೆ ಓದುಬರಹವಿಲ್ಲದವನ ಗುರುತೆಂದು ಎಣಿಸುತ್ತಿದ್ದ ಕಚೇರಿಗಳಲ್ಲಿ, ಓದಿದ ಅಧಿಕಾರಿಯೇ ಬೆರಳೊತ್ತಿ ಒಳಹೋಗುವ ಕಾಲ ಬಂದಿತು.

ಇಷ್ಟೊಂದು ಎಚ್ಚರಿಕೆ ಏತಕ್ಕೆ ಎಂದು ಕೇಳುವವರು ಪಹಣಿಯ ಬಲವನ್ನು ತಿಳಿಯಬೇಕು. ಅದರ 9ನೆಯ ಕಲಮಿನಲ್ಲಿ ಯಾರ ಹೆಸರಿದೆಯೋ ಆತನೇ ಸ್ವಾಧೀನದಾರ. 11ನೆಯ ಕಲಮಿನಲ್ಲಿ ಇತರರ ಹಕ್ಕು, ಸಾಲ, ಆಧಾರಗಳು. 1964ರ ಭೂಕಂದಾಯ ಕಾನೂನಿನ 133ನೆಯ ಪ್ರಕರಣದ ಮೇರೆಗೆ, ಸುಳ್ಳೆಂದು ಸಿದ್ಧವಾಗುವವರೆಗೆ ಅಲ್ಲಿ ಬರೆದುದೇ ನಿಜವೆಂದು ಭಾವಿಸತಕ್ಕದ್ದು. ಸುಳ್ಳೆಂದು ಸಾಧಿಸುವ ಭಾರ, ಕಳೆದುಕೊಂಡವನ ತಲೆಯ ಮೇಲೆಯೇ ಬೀಳುತ್ತದೆ. ಊಹೆಗಾಗಿ ಒಬ್ಬ ರೈತನನ್ನು ತೆಗೆದುಕೊಂಡರೆ ಸಾಕು. ಅರಕಲಗೂಡಿನ ಕಡೆಯ ಯಾವುದೋ ಹಳ್ಳಿಯವನು; ಎರಡೆಕರೆ ಹೊಲ; ಮಗಳ ಮದುವೆಗೆಂದು ಬ್ಯಾಂಕಿನ ಬಾಗಿಲಿಗೆ ಹೋಗಲು ಪಹಣಿ ತೆಗೆಸುತ್ತಾನೆ. ಹಾಳೆಯಲ್ಲಿ ಇನ್ನಾರದೋ ಹೆಸರು. “ಇದನ್ನು ಬರೆದವರು ಯಾರು ಸ್ವಾಮಿ?” ಎನ್ನುತ್ತಾನೆ. “ಕಂಪ್ಯೂಟರಿನಲ್ಲಿ ಹಾಗೇ ಬಂದಿದೆಯಪ್ಪ” ಎಂಬ ಉತ್ತರ ಬರುತ್ತದೆ. ಹಿಂದಿನವನಾದರೆ ಶಾನುಭೋಗರ ಮನೆಯ ಮುಂದೆ ನಿಂತು ಗೋಳಾಡಬಹುದಾಗಿದ್ದಿತು. ಇವನು ಯಾರ ಮನೆಯ ಮುಂದೆ ನಿಲ್ಲಬೇಕು? ಯಂತ್ರಕ್ಕೆ ಜಗಲಿಯಿಲ್ಲ.

ಕಿಟಕಿಯ ಬಳಿಯ ನೌಕರನ ಬೆರಳನ್ನು ಯಂತ್ರ ಗುರುತಿಟ್ಟುಕೊಂಡಿದೆ, ಸರಿ. ಆದರೆ ಆ ಯಂತ್ರದ ಹಿಂದೆ ಇನ್ನೊಂದು ಯಂತ್ರವಿರುತ್ತದೆ. ದಾಖಲೆಗಳೆಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡಿರುವ ಸರ್ವರು ಅದು. ಅದನ್ನು ನಡಸುವವನಿಗೆ ಕಿಟಕಿಯ ಕಟ್ಟುಕಟ್ಟಳೆಗಳಾವುವೂ ತಾಗುವುದಿಲ್ಲ. ಮುಂಬಾಗಿಲಿಗೆ ಎಷ್ಟು ಬೀಗ ಹಾಕಿದರೇನು, ಹಿತ್ತಿಲ ಬಾಗಿಲಿನ ಬೀಗದಕೈ ಅವನ ಸೊಂಟದಲ್ಲಿರುತ್ತದೆ. ಯಾವ ಕಚೇರಿಯ ಸರ್ವರು ಯಾವ ಜಾತಿಯದೆಂಬುದು ಇಲ್ಲಿ ಮುಖ್ಯವಲ್ಲ. ಬೀಗದಕೈಯ ಪ್ರಶ್ನೆ ಎಲ್ಲಕ್ಕೂ ಒಂದೇ. ಆದರೆ ಇಂದು ಪ್ರಪಂಚದ ಸರ್ವರುಗಳಲ್ಲಿ ಬಹುಪಾಲು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಿಂದ ನಡೆಯುವುದರಿಂದ, ಅದನ್ನೇ ಉದಾಹರಣೆಯಾಗಿ ನೋಡುವುದು ಯುಕ್ತ. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದನ್ನು ಆರಂಭಿಸಿದನು; ಅದರ ಮನೆತನದ ಸಂಪ್ರದಾಯಗಳಾದರೋ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್‌ನಿಂದ ಬಂದವು.

ಆ ಸಂಪ್ರದಾಯದ ಪ್ರಕಾರ ಯಂತ್ರವು ಮನುಷ್ಯರನ್ನು ಹೆಸರಿನಿಂದ ಅರಿಯುವುದಿಲ್ಲ, ಸಂಖ್ಯೆಯಿಂದ ಅರಿಯುತ್ತದೆ. ಸಾಮಾನ್ಯ ಬಳಕೆದಾರರಿಗೆ ಈಗಿನ ಪದ್ಧತಿಯಲ್ಲಿ 1000ದಿಂದ ಮೇಲಿನ ಸಂಖ್ಯೆಗಳು. ಸೊನ್ನೆ ಎಂಬ ಸಂಖ್ಯೆ ಮಾತ್ರ ಒಬ್ಬನಿಗೇ ಮೀಸಲು. ಅವನ ಹೆಸರು ‘ರೂಟ್’, ಎಂದರೆ ಬೇರು. ಅವನಿಗೆ ಸಾಮಾನ್ಯವಾಗಿ ನಿಷೇಧವೆಂಬುದಿಲ್ಲ. ಯಾವ ಕಡತವನ್ನಾದರೂ ಓದಬಲ್ಲನು, ಅಳಿಸಬಲ್ಲನು. ಯಾರ ವೇಷವನ್ನಾದರೂ ಧರಿಸಬಲ್ಲನು. ಈ ಸೊನ್ನೆಯು ಒಬ್ಬ ಮನುಷ್ಯನಲ್ಲ, ಒಂದು ಪದವಿ. ಮೂವರು ನೌಕರರು ರೂಟಿನ ಪಾಸ್‌ವರ್ಡನ್ನು ಹಂಚಿಕೊಂಡು ಕೆಲಸಮಾಡುವ ಕಚೇರಿಯಲ್ಲಿ, ಯಾವ ಅನರ್ಥ ನಡೆದರೂ ಯಂತ್ರದ ದಿನಚರಿಯಲ್ಲಿ ಉಳಿಯುವುದು ‘ರೂಟ್ ಮಾಡಿದನು’ ಎಂಬ ಒಂದು ಮಾತು ಮಾತ್ರ. ‘ಸರ್ಕಾರ ಮಾಡಿತು’ ಎಂಬುದಕ್ಕೂ ಇದಕ್ಕೂ ಭೇದವೇನು? ಬೇರು ಮಣ್ಣಿನೊಳಗಿರುವಂತೆ ಮಾಡಿದವನೂ ಮರೆಯಾಗಿಯೇ ಇರುತ್ತಾನೆ. ಇಂಥ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಯಂತ್ರದ ಅಂಚಿಗೆ ಅಂಟಿಸುವ ವಾಡಿಕೆ ಎಲ್ಲ ಊರುಗಳಲ್ಲಿಯೂ ಕಂಡುಬರುವುದು. ಖಜಾನೆಯ ಬೀಗದಕೈಯನ್ನು ಬಾಗಿಲಿನ ಮೊಳೆಗೇ ತೂಗುಹಾಕಿದಂತಾಯಿತು.

ಮೊದಮೊದಲು ಇದ್ದ ಉಪಾಯವೆಂದರೆ ‘ಸು’ ಎಂಬ ಆಜ್ಞೆ. ತನ್ನ ಹೆಸರಿನಿಂದ ಒಳಗೆ ಬಂದವನು ಇದರಿಂದ ರೂಟಿನ ಪಾಸ್‌ವರ್ಡು ಕೊಟ್ಟು ರೂಟಿನ ವೇಷ ತೊಡುವನು. ಯಾವಾಗ ಯಾರು ವೇಷ ತೊಟ್ಟರೆಂಬುದು ದಿನಚರಿಗೆ ಸೇರುತ್ತದೆ. ತೊಟ್ಟ ಮೇಲೆ ಏನು ಮಾಡಿದರೆಂಬುದು ಸೇರುವುದಿಲ್ಲ. ಬಣ್ಣದ ಮನೆಗೆ ಹೋದವರ ಪಟ್ಟಿ ಉಂಟು, ರಂಗದ ಮೇಲೆ ನಡೆದುದರ ವರದಿ ಇಲ್ಲ. ಈ ಕೊರತೆಯನ್ನು ಕಂಡು 1980ರ ಸುಮಾರಿಗೆ ಬಫಲೋ ನಗರದಲ್ಲಿನ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಬಾಬ್ ಕಾಗ್ಗೆಶಾಲ್, ಕ್ಲಿಫ್ ಸ್ಪೆನ್ಸರ್ ಎಂಬಿಬ್ಬರು ‘ಸೂಡೂ’ ಎಂಬ ಸಾಧನವನ್ನು ರಚಿಸಿದರು. ಇದರಲ್ಲಿ ರೂಟಿನ ಪಾಸ್‌ವರ್ಡು ಯಾರಿಗೂ ಬೇಕಾಗಿಲ್ಲ. ನೌಕರನು ತನ್ನ ಪಾಸ್‌ವರ್ಡನ್ನೇ ಕೊಟ್ಟು, ತನಗೆ ಅನುಮತಿಯಿರುವ ಆಜ್ಞೆಯನ್ನು ಮಾತ್ರ ರೂಟಿನ ಬಲದಿಂದ ನಡಸುವನು. ಯಾರಿಗೆ ಯಾವ ಆಜ್ಞೆಯ ಅಧಿಕಾರವೆಂಬ ಪಟ್ಟಿ ಒಂದು ಕಡತದಲ್ಲಿರುತ್ತದೆ. ನಡಸಿದ ಪ್ರತಿಯೊಂದು ಆಜ್ಞೆಗೂ ದಿನಚರಿಯಲ್ಲಿ ಒಂದು ಸಾಲು ಬೀಳುತ್ತದೆ: ಯಾರು, ಯಾವಾಗ, ಯಾವ ಟರ್ಮಿನಲಿನಿಂದ, ಯಾವ ಡೈರೆಕ್ಟರಿಯಲ್ಲಿದ್ದು, ಯಾರ ಹೆಸರಿನಲ್ಲಿ, ಏನನ್ನು ಮಾಡಿದರು. ಅನುಮತಿಯಿಲ್ಲದವನು ಪ್ರಯತ್ನಿಸಿ ಸೋತರೆ ಆ ಸೋಲೂ ಅಲ್ಲಿ ದಾಖಲೆಯಾಗುತ್ತದೆ. ನುಗ್ಗೇಹಳ್ಳಿಯ ವಿಗ್ರಹದ ಕೆಳಗಿನ ಹೆಸರಿನಂತೆ, ಕೆಲಸದ ಜೊತೆಗೇ ಕೈಯ ಗುರುತು ಬಂದಿತು.

ಆದರೂ ಬುದ್ಧಿವಂತರಿಗೆ ಬಿರುಕು ಕಾಣದಿರುವುದಿಲ್ಲ. ಸೂಡೂವಿನ ಮೂಲಕ ಒಂದೇ ಒಂದು ಆಜ್ಞೆ ಕೊಟ್ಟು ರೂಟಿನ ಪೂರ್ತಿ ಶೆಲ್ಲನ್ನೇ ತೆರೆದುಕೊಂಡರೆ, ದಿನಚರಿಯಲ್ಲಿ ಬಾಗಿಲು ತೆರೆದ ಸಾಲು ಒಂದೇ ಉಳಿಯುತ್ತದೆ. ಒಳಗೆ ಕಳೆದ ಎರಡು ಗಂಟೆ ಕತ್ತಲೆಯಾಗುತ್ತದೆ. ಇದಕ್ಕೆ ಮದ್ದಾಗಿ 2004ರ ಸುಮಾರಿಗೆ ಲಿನಕ್ಸಿನ ತಿರುಳಿನಲ್ಲಿಯೇ ‘ಆಡಿಟ್’ ಎಂಬ ಲೆಕ್ಕತನಿಖೆಯ ಏರ್ಪಾಡು ಸೇರಿತು. ಅದರ ಜೀವಾಳವು ‘ಲಾಗಿನ್ ಯುಐಡಿ’ ಎಂಬ ಒಂದು ಸಂಖ್ಯೆ. ನೌಕರನು ಬೆಳಗ್ಗೆ ತನ್ನ ಹೆಸರಿನಿಂದ ಒಳಗೆ ಬಂದ ಕ್ಷಣದಲ್ಲಿ ಅವನ ಸಂಖ್ಯೆಯನ್ನು ಯಂತ್ರವು ಅವನ ಕೆಲಸಕ್ಕೆ ಅಂಟಿಸಿಬಿಡುತ್ತದೆ. ಆಮೇಲೆ ಅವನು ಸು ಮಾಡಲಿ, ಸೂಡೂ ಮಾಡಲಿ, ವೇಷದ ಮೇಲೆ ವೇಷ ಹಾಕಲಿ, ಆ ಸಂಖ್ಯೆ ಬಿಡುವುದಿಲ್ಲ. 1004ರವನು ರೂಟಾಗಿ ಒಂದು ಕಡತವನ್ನು ಅಳಿಸಿದರೆ, ಅಳಿಸಿದ ಅಧಿಕಾರ ಸೊನ್ನೆಯದು, ಅಳಿಸಿದ ಮನುಷ್ಯ 1004 ಎಂದು ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವುದು. ಅರಸನ ಪೋಷಾಕು ತೊಟ್ಟವನ ಹಣೆಯ ಮೇಲಿನ ಮಚ್ಚೆಯಂತೆ ಅದು. ಸೊನ್ನೆಯ ಬಲದಿಂದ ನಡೆಯುವ ಪ್ರತಿಯೊಂದು ಆಜ್ಞೆಯನ್ನೂ ಬರೆದಿಡಬೇಕೆಂದು ವಿಧಿಸಬಹುದು. ಒಂದು ಗೊತ್ತಾದ ಕಡತವನ್ನು ಮುಟ್ಟಿದವರನ್ನು ಮಾತ್ರ ಬರೆಯೆಂದೂ ವಿಧಿಸಬಹುದು. ಯಾರೂ ಒಳಗೆ ಬಾರದೆ ಯಂತ್ರವೇ ಎದ್ದಾಗ ತಾನಾಗಿ ಆರಂಭಿಸಿದ ಕೆಲಸಗಳಿಗೆ 4294967295 ಎಂಬ ಮಹಾಸಂಖ್ಯೆ ಬೀಳುತ್ತದೆ. ‘ಇದಕ್ಕೆ ಮನುಷ್ಯನಿಲ್ಲ’ ಎಂಬುದೇ ಅದರ ಅರ್ಥ.

ಇಷ್ಟಾದ ಮೇಲೂ ಹಳೆಯ ಶಾನುಭೋಗಿಕೆಯ ದೋಷ ಬೇರೊಂದು ರೂಪದಲ್ಲಿ ಮರಳಿ ಬರುತ್ತದೆ. ದಿನಚರಿಯೂ ಒಂದು ಕಡತವೇ ಅಲ್ಲವೆ? ರೂಟಿಗೆ ಅಳಿಸಲಾಗದ ಕಡತವಿಲ್ಲವೆಂದ ಮೇಲೆ, ಕಳ್ಳನು ಕದ್ದುದಲ್ಲದೆ ಕಳವಿನ ದಾಖಲೆಯನ್ನೂ ಕದಿಯಬಲ್ಲನು. ಬರೆಯುವವನೂ ಕಾಯುವವನೂ ಒಬ್ಬನೇ ಆಗಕೂಡದೆಂಬ ನೀತಿ ಇಲ್ಲಿಯೂ ಸಲ್ಲುತ್ತದೆ. ಆಡಿಟ್ಟಿನ ವಿಧಿಗಳನ್ನು ಯಂತ್ರವು ಮತ್ತೆ ಆರಂಭವಾಗುವವರೆಗೆ ಯಾರೂ ಬದಲಿಸದಂತೆ ಬಿಗಿದುಬಿಡುವ ಒಂದು ಕ್ರಮವುಂಟು. ಬದಲಿಸಬೇಕಾದವನು ಯಂತ್ರವನ್ನೇ ನಿಲ್ಲಿಸಬೇಕು, ನಿಲ್ಲಿಸಿದರೆ ಎಲ್ಲರಿಗೂ ತಿಳಿಯುತ್ತದೆ. ಅದಕ್ಕಿಂತ ಮೇಲಾದುದು, ದಿನಚರಿಯ ಸಾಲುಗಳನ್ನು ಬಿದ್ದ ಕ್ಷಣವೇ ಬೇರೊಂದು ಯಂತ್ರಕ್ಕೆ ಕಳುಹಿಸಿ, ಆ ಯಂತ್ರದ ಬೀಗದಕೈಯನ್ನು ಬೇರೊಬ್ಬನಿಗೆ ಕೊಡುವುದು. ಸರ್ಕಾರದ ಖಜಾನೆಯ ಭದ್ರಕೋಣೆಗೆ ಎರಡು ಬೀಗಗಳನ್ನು ಹಾಕಿ ಎರಡು ಕೈಗಳಲ್ಲಿಡುವ ಪದ್ಧತಿ ಹಳೆಯದು. ಇಬ್ಬರೂ ಕೂಡದೆ ಬಾಗಿಲು ತೆರೆಯದು. ಇಬ್ಬರೂ ಕೂಡುವುದು, ಒಬ್ಬನು ಕೆಡುವುದಕ್ಕಿಂತ ಕಷ್ಟ.

ಕಾಲದ ಲೆಕ್ಕವೂ ಇದರಷ್ಟೇ ಮುಖ್ಯ. ಎರಡು ಯಂತ್ರಗಳ ಗಡಿಯಾರಗಳು ಐದು ನಿಮಿಷ ಹೆಚ್ಚುಕಡಿಮೆಯಾದರೆ, ಮೊದಲು ಬಂದವನು ಯಾರು, ಆಮೇಲೆ ಬಂದವನು ಯಾರು ಎಂಬುದೇ ಕಲಸಿಹೋಗುತ್ತದೆ. ನಿರಪರಾಧಿಯೊಬ್ಬನು ಅಪರಾಧದ ಹೊತ್ತಿನಲ್ಲಿ ಅಲ್ಲಿದ್ದಂತೆ ತೋರಬಹುದು. ಇದನ್ನರಿತು ಭಾರತದ ಗಣಕ ತುರ್ತುಸ್ಪಂದನ ಸಂಸ್ಥೆಯಾದ ಸರ್ಟ್-ಇನ್, 2022ರ ಏಪ್ರಿಲ್ 28ರ ನಿರ್ದೇಶದಲ್ಲಿ, ಯಂತ್ರಗಳ ಗಡಿಯಾರಗಳನ್ನು ಸರ್ಕಾರದ ಕಾಲಮಾನಕ್ಕೆ ಹೊಂದಿಸಬೇಕೆಂದೂ ದಿನಚರಿಗಳನ್ನು 180 ದಿನ ಕಾಯ್ದಿಡಬೇಕೆಂದೂ ವಿಧಿಸಿತು. ನ್ಯಾಯಸ್ಥಾನಕ್ಕೆ ಇಂಥ ದಾಖಲೆಯನ್ನು ಒಯ್ಯುವಾಗ ಅದು ತಿದ್ದದ ಪ್ರತಿಯೆಂದು ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ಅದರ ರೀತಿಯನ್ನು ಹೇಳುತ್ತದೆ. ಆದರೆ ಮೇಲೆ ಹೇಳಿದ ರೈತನಿಗೆ ತನ್ನ ಹೊಲ ಹೋದ ಸಂಗತಿ ತಿಳಿಯುವುದು ಎಷ್ಟೋ ವೇಳೆ ವರ್ಷಗಳ ಮೇಲೆ. 180 ದಿನವೆಂಬುದು ಕಾನೂನು ಕೇಳುವ ಕನಿಷ್ಠ; ನೆಲದ ಲೆಕ್ಕವನ್ನು ಕಾಯುವವರಿಗೆ ಅದು ಸಾಲದು. ಹೊಲ ಎಷ್ಟು ಕಾಲ ಇರುವುದೋ ಅಷ್ಟು ಕಾಲ ಅದರ ಮೇಲೆ ಬರೆದ ಕೈಯ ಗುರುತೂ ಇರಬೇಕಾದುದು ನ್ಯಾಯ.

ಇಲ್ಲಿಯವರೆಗೆ ಹೇಳಿದುದು ಯಂತ್ರದ ಮಾತು. ಇನ್ನು ಮನುಷ್ಯನ ಮಾತು. ದಿನಚರಿಯು 1004 ಎಂದಷ್ಟೇ ಹೇಳಬಲ್ಲುದು. 1004ರ ಕುರ್ಚಿಯಲ್ಲಿ ಆ ಹೊತ್ತು ಯಾರು ಕುಳಿತಿದ್ದರೆಂದು ಅದು ಹೇಳಲಾರದು. ಊಟಕ್ಕೆ ಎದ್ದುಹೋದವನು ಯಂತ್ರವನ್ನು ತೆರೆದೇ ಬಿಟ್ಟಿದ್ದರೆ, ಹೊಸದಾಗಿ ಸೇರಿದ ಹುಡುಗನು ಹಿರಿಯರ ದಾಕ್ಷಿಣ್ಯಕ್ಕೆ ತನ್ನ ಪಾಸ್‌ವರ್ಡನ್ನು ಹೇಳಿಬಿಟ್ಟಿದ್ದರೆ, ಪಾಪ ಒಬ್ಬನದು, ಹೆಸರು ಇನ್ನೊಬ್ಬನದು. ಮತ್ತೊಬ್ಬನ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾನೂನಿನ 66ಸಿ ಪ್ರಕರಣದಂತೆ 3 ವರ್ಷಗಳವರೆಗೆ ಸೆರೆವಾಸವೂ 1 ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಆದರೆ ಕಚೇರಿಯ ದಾಕ್ಷಿಣ್ಯಕ್ಕೆ ಯಾವ ಪ್ರಕರಣವೂ ಇಲ್ಲ. “ಏನೋ, ನಿನ್ನದರಲ್ಲಿ ಒಂದು ಎಂಟ್ರಿ ಹಾಕಿಬಿಡು” ಎಂದು ಮೇಲಿನವರು ಬಾಗಿಲಲ್ಲಿ ನಿಂತು ಹೇಳಿದ ಮಾತು ಗಾಳಿಯಲ್ಲಿ ಹೋಗುತ್ತದೆ. “ಆಗಲಿ ಸಾರ್” ಎಂದವನ ಸಂಖ್ಯೆ ಮಾತ್ರ ಉಳಿಯುತ್ತದೆ. ಮುಂದೊಂದು ದಿನ ವಿಚಾರಣೆಯಾದರೆ, ಸಂಬಳ ನಿಲ್ಲುವುದು ಆ ಹುಡುಗನದು. ಮನೆಯಲ್ಲಿ ತಲೆತಗ್ಗಿಸುವವರು ಅವನ ತಂದೆತಾಯಿಗಳು.

ಇದೇ ದಿನಚರಿಯ ದೊಡ್ಡ ಅಪಾಯ. ಅದು ಮಾಡಿದವನನ್ನು ಹಿಡಿಯುತ್ತದೆ, ಮಾಡಿಸಿದವನನ್ನು ಬಿಡುತ್ತದೆ. ಬೆಳಗೊಳದ ಶಾಸನಕ್ಕೆ ಇದು ಸರಿಯಾಗಿ ವಿರುದ್ಧ. ಪುಣ್ಯಕಾರ್ಯದಲ್ಲಿ ಮಾಡಿಸಿದವನು ಮುಂದೆ ನಿಲ್ಲುವನು. ಪಾಪಕಾರ್ಯದಲ್ಲಿ ಮಾಡಿದವನನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ಸರಿಯುವನು. ಆದುದರಿಂದ ಒಳ್ಳೆಯ ಕಚೇರಿಯು ಎರಡು ಸಾಲುಗಳನ್ನೂ ಕೇಳಬೇಕು. ಸೊನ್ನೆಯ ಅಧಿಕಾರದಿಂದ ನಡೆಯುವ ಪ್ರತಿಯೊಂದು ಬದಲಾವಣೆಗೂ ಬರಹದಲ್ಲಿರುವ ಒಂದು ಆದೇಶ, ಆ ಆದೇಶಕ್ಕೊಂದು ಸಂಖ್ಯೆ, ಅದನ್ನು ಕೊಟ್ಟವರ ಹೆಸರು ಇರಬೇಕು. ಯಂತ್ರದ ಸಾಲಿಗೂ ಕಾಗದದ ಆದೇಶಕ್ಕೂ ತಾಳೆ ನೋಡುವ ಮೂರನೆಯವನೊಬ್ಬನಿರಬೇಕು. ಪಹಣಿಯಲ್ಲಿ ಹೆಸರು ಬದಲಾದಾಗ ಮ್ಯುಟೇಷನ್ ಸಂಖ್ಯೆಯನ್ನು ಕಾಣಿಸುವ ಪದ್ಧತಿ ಇಂಥದೇ ವಿವೇಕದಿಂದ ಬಂದುದು. ಆದೇಶವಿಲ್ಲದೆ ‘ಮಾಡಿಬಿಡು’ ಎಂದವರಿಗೆ ಆ ಹುಡುಗನು, “ಒಂದು ಸಾಲು ಬರೆದುಕೊಡಿ ಸಾರ್, ಯಂತ್ರ ನನ್ನ ಹೆಸರು ಬರೆದುಕೊಳ್ಳುತ್ತದೆ” ಎಂದು ವಿನಯದಿಂದ ಹೇಳುವುದಕ್ಕೆ ಧೈರ್ಯ ಬಂದರೆ, ದಿನಚರಿಯು ಅವನಿಗೆ ಬಲೆಯಾಗದೆ ಕವಚವಾಗುತ್ತದೆ. ಪ್ರಾಮಾಣಿಕನಾದ ಗುಮಾಸ್ತನಿಗೆ ಇದಕ್ಕಿಂತ ದೊಡ್ಡ ಸ್ನೇಹಿತನಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲವನ್ನೂ ಬರೆಯುವುದೇ ಎಚ್ಚರವಲ್ಲ. ಲಕ್ಷ ಸಾಲುಗಳು ಬಿದ್ದು ಯಾರೂ ಓದದೆ ಇದ್ದರೆ, ಇಲಿ ತಿನ್ನುವ ಹಳೆಯ ದಫ್ತರಕ್ಕೂ ಅದಕ್ಕೂ ಭೇದವಿಲ್ಲ. ಆಜ್ಞೆಯ ಜೊತೆಗೆ ಅವಸರದಲ್ಲಿ ಪಾಸ್‌ವರ್ಡನ್ನೂ ಬರೆದುಬಿಟ್ಟರೆ ಆ ಗುಟ್ಟೂ ದಿನಚರಿಯಲ್ಲಿ ಉಳಿಯುವುದರಿಂದ, ಕಾಯುವ ಪುಸ್ತಕವನ್ನೇ ಕಾಯಬೇಕಾಗುತ್ತದೆ. ವಾರಕ್ಕೊಮ್ಮೆಯಾದರೂ ಒಬ್ಬರು ಕುಳಿತು, ರೂಟಿನ ಹೆಸರಿನಲ್ಲಿ ಯಾರು ಯಾರು ಏನೇನು ಮಾಡಿದರೆಂದು ಓದುವ ಅಭ್ಯಾಸವು, ನೂರು ವಿಧಿಗಳಿಗಿಂತ ಹೆಚ್ಚಿನ ರಕ್ಷೆ. ಓದುವವರಿದ್ದಾರೆಂಬ ಅರಿವೇ ಅನೇಕ ಕೈಗಳನ್ನು ತಡೆಯುತ್ತದೆ.

ಗೊರೂರಿನ ಹೇಮಾವತಿಯ ನಾಲೆಗಳು ಹರಿದ ಮೇಲೆ ಈ ಸೀಮೆಯ ನೆಲದ ಬೆಲೆ ಏರಿತು. ಹಾಸನದ ಪಟ್ಟಣ ಬೆಳೆದಂತೆ ಇನ್ನೂ ಏರಿತು. ಬೆಲೆ ಏರಿದಲ್ಲಿ ಆಸೆಯೂ ಏರುವುದು ಲೋಕದ ರೀತಿ. ಅಣೆಕಟ್ಟಿನ ನೀರಿನಲ್ಲಿ ಊರು ಬಿಟ್ಟವರಿಗೆ ಹೊಸ ನೆಲದ ಮೇಲಿನ ಹಕ್ಕು ನಿಂತಿರುವುದೂ ಒಂದು ದಾಖಲೆಯ ಸಾಲಿನ ಮೇಲೆಯೇ. ಆ ಸಾಲನ್ನು ಬರೆದ ಕೈ, ಅಳಿಸಿದ ಕೈ, ಬರೆಸಿದ ಬಾಯಿ ಈ ಮೂರೂ ಗೊತ್ತಿರಬೇಕೆಂದು ಕೇಳುವುದು ಯಾರ ಮೇಲಿನ ಸಂಶಯವೂ ಅಲ್ಲ. ಕಿಟಕಿಯ ಮುಂದೆ ನಿಂತು ‘ಯಾರು ಸ್ವಾಮಿ?’ ಎಂದು ಕೇಳುವವನಿಗೆ, ಕಂಪ್ಯೂಟರು ಎಂಬ ಉತ್ತರಕ್ಕೆ ಬದಲಾಗಿ ಒಂದು ಮನುಷ್ಯನ ಹೆಸರನ್ನು ಕೊಡುವುದಕ್ಕೆ ಸಾಧನಗಳು ಈಗ ಇವೆ. ಅವುಗಳನ್ನು ಬಳಸುವ ಮನಸ್ಸು ಇದ್ದರೆ, ಅವನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬೇಕಾಗಿಲ್ಲ.